ಕೆರೆಯ ಕಾವಲು, ಸರ್ವರಿನ ಕಾವಲು

ಹಿರಿಯೂರು ತಾಲ್ಲೂಕಿನ ಧರ್ಮಪುರ ಆಂಧ್ರದ ಗಡಿಗೆ ಸಮೀಪದ ಊರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಗಡಿಯಾಚೆ ಹೆಚ್ಚು ದೂರವಿಲ್ಲದೆ ಇದೆ. ಮಳೆ ಕಡಿಮೆಯ ಬಯಲುಸೀಮೆ ಇದು. ಶೇಂಗಾ ಬಿತ್ತಿ ಮುಗಿಲು ನೋಡುವ ಜನ ನಾವು. ಇಂಥ ನೆಲದಲ್ಲಿ ನಮ್ಮ ಹಿರಿಯರು ಅಷ್ಟು ದೊಡ್ಡ ಕೆರೆಯನ್ನು ಏಕೆ ಕಟ್ಟಿದರೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ನೀರು ಬೇಕೆನಿಸಿದಾಗ ಮಳೆ ಬರುವುದಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಹಿಡಿದಿಟ್ಟ ಮೇಲೆ ಅದನ್ನು ಕಾಯಬೇಕು. ಇಂದಿನ ಬರಹ ಈ ಎರಡನೆಯ ಮಾತನ್ನು ಕುರಿತದ್ದು. ಕಾಯುವವನಿಗೆ ತಪ್ಪು ತಿಳಿಯುವುದು ಹೇಗೆ, ತಿಳಿದದ್ದು ಊರಿಗೆ ತಲುಪುವುದು ಹೇಗೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ನಾನು ಓದಿ ತಿಳಿದುಕೊಂಡದ್ದು ನನ್ನದೇ ಒಂದು ತಪ್ಪಿನ ನಂತರ. ಆದ್ದರಿಂದ ತಪ್ಪಿನಿಂದಲೇ ಆರಂಭಿಸುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಗಣಕ ಕೊಠಡಿಯ ಉಸ್ತುವಾರಿ ನನ್ನದಾಗಿತ್ತು. ಹನ್ನೆರಡು ಗಣಕಗಳಿಗೆ ಒಂದೇ ದೂರವಾಣಿ ತಂತಿಯ ಸಂಪರ್ಕ. ಒಂದು ಪುಟ ತೆರೆಯುವಷ್ಟರಲ್ಲಿ ಪಾಠದ ಅವಧಿಯೇ ಮುಗಿಯುತ್ತಿತ್ತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದವನು ಹಳೆಯ ಗಣಕವೊಂದರಲ್ಲಿ 'ಸ್ಕ್ವಿಡ್' ಎಂಬ ತಂತ್ರಾಂಶ ಹಾಕಿ ಕ್ಯಾಶ್ ಸರ್ವರ್ ನಿಲ್ಲಿಸಿಕೊಟ್ಟ. "ಮೇಷ್ಟ್ರೇ, ಇದು ನಮ್ಮೂರ ಕೆರೆ ಇದ್ದಂಗೆ. ಒಬ್ಬರು ತರಿಸಿದ ಪುಟ ಇದರಲ್ಲಿ ನಿಲ್ಲುತ್ತೆ. ಮುಂದೆ ಕೇಳಿದೋರಿಗೆ ಇಲ್ಲಿಂದಲೇ ಹರಿಯುತ್ತೆ" ಎಂದ. ಅಷ್ಟು ಸರಳವಾಗಿ ಅದನ್ನು ವಿವರಿಸಿದ ಬೇರೆ ಪುಸ್ತಕವನ್ನು ನಾನು ಇದುವರೆಗೆ ಓದಿಲ್ಲ.

ಎರಡು ವರ್ಷ ಅದು ಸದ್ದಿಲ್ಲದೆ ದುಡಿಯಿತು. ಮೂರನೆಯ ವರ್ಷ, ಮೂರು ದಿನಗಳ ರಜೆ ಮುಗಿದ ಸೋಮವಾರ, ಯಾವ ಗಣಕದಲ್ಲೂ ಒಂದು ಪುಟವೂ ತೆರೆಯಲಿಲ್ಲ. ಅಂದು ಪ್ರವೇಶ ಪರೀಕ್ಷೆಯೊಂದಕ್ಕೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಲು ಕೊನೆಯ ದಿನ. ಹಳ್ಳಿಯ ಹುಡುಗಿಯೊಬ್ಬಳು ತಂದೆಯ ಜೊತೆ ಬೆಳಿಗ್ಗೆಯೇ ಬಂದು ಕುಳಿತಿದ್ದಳು. "ತಂತಿ ಕೆಟ್ಟಿರಬೇಕಮ್ಮ, ಸಂಜೆಯೊಳಗೆ ಬರುತ್ತೆ" ಎಂದು ನಾನು ಧೈರ್ಯ ಹೇಳಿದೆ. ತಂತಿ ಕೆಡುವುದು ನಮಗೆ ವಾಡಿಕೆಯಾಗಿತ್ತು. ಬೇರೆ ಕಾರಣವಿರಬಹುದೆಂದು ಹೊಳೆಯಲೇ ಇಲ್ಲ. ಸಂಜೆಯಾಯಿತು. ಪೇಟೆಗೆ ಹೋಗುವ ಬಸ್ಸೂ ಹೋಯಿತು. ಅರ್ಜಿ ಹೋಗಲಿಲ್ಲ. ಆ ತಂದೆ ನನ್ನನ್ನು ಬೈಯಲಿಲ್ಲ. "ಇರಲಿ ಬಿಡಿ ಸ್ವಾಮಿ, ನೀವೇನು ಮಾಡ್ತೀರಿ" ಎಂದು ಕೈಮುಗಿದು ಹೋದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ, ಏಕೆಂದರೆ ನಾನು ಮಾಡಬಹುದಾದದ್ದು ಇತ್ತು.

ಮರುದಿನ ಬೆಂಗಳೂರಿನಲ್ಲಿದ್ದ ಆ ಹಳೆಯ ವಿದ್ಯಾರ್ಥಿಯನ್ನು ದೂರವಾಣಿಯಲ್ಲಿ ಹಿಡಿದೆ. ಅವನು ಹೇಳಿದಂತೆ ನೋಡಿದಾಗ ತಂತಿ ಸರಿಯಾಗಿಯೇ ಇತ್ತು. ಸರ್ವರಿನ ಡಿಸ್ಕ್ ತುಂಬಿಹೋಗಿ ಸ್ಕ್ವಿಡ್ ನಿಂತುಹೋಗಿತ್ತು. ನಮ್ಮ ಗಣಕಗಳೆಲ್ಲ ಅದರ ಮೂಲಕವೇ ಹೊರಗೆ ಹೋಗಬೇಕಾಗಿದ್ದರಿಂದ ಎಲ್ಲಕ್ಕೂ ಬಾಗಿಲು ಮುಚ್ಚಿತ್ತು. ಇನ್ನೂ ದೊಡ್ಡ ಸಂಗತಿ ಆಮೇಲೆ ತಿಳಿಯಿತು. ಡಿಸ್ಕ್ ನೂರಕ್ಕೆ ತೊಂಬತ್ತು ತುಂಬಿದ ದಿನದಿಂದಲೂ ಆ ಯಂತ್ರ ದಿನಕ್ಕೊಂದು ಎಚ್ಚರಿಕೆಯ ಮಿಂಚಂಚೆ ಕಳುಹಿಸುತ್ತಲೇ ಇತ್ತು. ಅವೆಲ್ಲ ಹುಡುಗನ ಹಳೆಯ ವಿಳಾಸಕ್ಕೆ ಹೋಗಿದ್ದವು. ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಅವನು ಆ ಪೆಟ್ಟಿಗೆಯನ್ನು ತೆರೆದೇ ಇರಲಿಲ್ಲ. ಒಂಬತ್ತು ಪತ್ರಗಳು, ಒಂದನ್ನೂ ಯಾರೂ ಓದಿರಲಿಲ್ಲ. ಯಂತ್ರ ಕೂಗಿತ್ತು, ಕೇಳುವ ಕಡೆ ಕಿವಿಯಿರಲಿಲ್ಲ.

ಡಿಸ್ಕ್ ತುಂಬಿದ್ದು ಹೇಗೆಂಬುದನ್ನೂ ಹೇಳಬೇಕು, ಅದರಲ್ಲಿ ಪಾಠವಿದೆ. ಕೆರೆ ಬಲ್ಲವರಿಗೆ ಅದರ ಅಂಗಗಳು ಗೊತ್ತು: ನೀರನ್ನು ತಡೆಯುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಾದದ್ದನ್ನು ಹೊರಹಾಕುವ ಕೋಡಿ. ಕೋಡಿಯಿಲ್ಲದ ಕೆರೆ ಒಂದು ಮಳೆಗಾಲವನ್ನೂ ದಾಟಲಾರದು. ಸ್ಕ್ವಿಡ್ ಮಾಡಿದವರಿಗೂ ಇದು ಗೊತ್ತಿತ್ತು. ಸಂಗ್ರಹಕ್ಕೆಂದು ಕೊಟ್ಟ ಜಾಗ ಶೇಕಡಾ 90ನ್ನು ಮೀರಿದರೆ ಬಹುಕಾಲ ಯಾರೂ ಕೇಳದ ಹಳೆಯ ಪುಟಗಳನ್ನು ಅಳಿಸಲಾರಂಭಿಸುವುದು, 95ರ ಹತ್ತಿರ ಬಂದರೆ ಇನ್ನೂ ಬಿರುಸಾಗಿ ಅಳಿಸುವುದು ಅದರ ರೂಢಿಯ ಏರ್ಪಾಡು. ಇದು ಸಂಗ್ರಹದ ಕೋಡಿ. ಆದರೆ ಯಾರು ಯಾವಾಗ ಯಾವ ಪುಟ ಕೇಳಿದರೆಂದು ಬರೆದಿಡುವ ದಾಖಲೆಯ ಕಡತವೊಂದು ಬೇರೆ ಇರುತ್ತದೆ. ಅದನ್ನು ಆಗಾಗ್ಗೆ ಕತ್ತರಿಸಿ ಹಳೆಯದನ್ನು ತೆಗೆಯುವ ಕೆಲಸವನ್ನು ನಾವೇ ಗೊತ್ತುಮಾಡಬೇಕು. ನಮ್ಮಲ್ಲಿ ಅದನ್ನು ಮಾಡಿರಲಿಲ್ಲ. ಕೆರೆಗೆ ಕೋಡಿಯಿತ್ತು, ಕೆರೆಯ ಲೆಕ್ಕದ ಪುಸ್ತಕಕ್ಕೆ ಕೋಡಿಯಿರಲಿಲ್ಲ. ಎರಡು ವರ್ಷ ಸದ್ದಿಲ್ಲದೆ ಬೆಳೆದ ಆ ಕಡತವೇ ಕೊನೆಗೆ ಎಲ್ಲವನ್ನೂ ನಿಲ್ಲಿಸಿತು.

ಇನ್ನು ಚರಿತ್ರೆಗೆ ಬರೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ಕಾವಲು ನೀರುಗಂಟಿಯದು. ತೂಬು ಎತ್ತುವುದು, ಸರದಿಯಂತೆ ನೀರು ಹಂಚುವುದು, ಮಳೆಗಾಲದಲ್ಲಿ ಏರಿಯ ಮೇಲೆ ನಡೆದು ನೋಡುವುದು ಅವನ ಕೆಲಸ. ಏರಿಯ ಹಿಂಬದಿಯಲ್ಲಿ ಎಲ್ಲಿ ನೆಲ ಜಿನುಗುತ್ತಿದೆ, ಜಿನುಗುವ ನೀರು ತಿಳಿಯಾಗಿದೆಯೋ ಮಣ್ಣು ಕದಡಿಕೊಂಡು ಬರುತ್ತಿದೆಯೋ ಎಂದು ನೋಡಿದರೆ ಏರಿಯ ಆರೋಗ್ಯ ತಿಳಿಯುತ್ತದೆ. ತಿಳಿನೀರು ಬಂದರೆ ಗಮನದಲ್ಲಿಟ್ಟುಕೊಳ್ಳಬೇಕಾದ ಸಂಗತಿ. ಕೆಸರುನೀರು ಬಂದರೆ ಒಳಗೆ ಏರಿ ಕೊರೆಯುತ್ತಿದೆ ಎಂದರ್ಥ, ಆಗ ಊರನ್ನೇ ಎಬ್ಬಿಸಬೇಕು. ತಮಟೆ ಬಡಿದರೆ ಗುದ್ದಲಿ, ಪುಟ್ಟಿ, ಸೊಪ್ಪುಸದೆ ಹಿಡಿದು ಜನ ಓಡಿ ಬರುತ್ತಿದ್ದರು. ಇಲ್ಲಿ ಗಮನಿಸಬೇಕಾದದ್ದು ಮೂರು: ನೋಡುವವನೊಬ್ಬ ಗೊತ್ತಾಗಿದ್ದ, ಚಿಕ್ಕದಕ್ಕೂ ದೊಡ್ಡದಕ್ಕೂ ಬೇರೆ ಬೇರೆ ಕೂಗಿತ್ತು, ಕೂಗು ಕೇಳಿದವರಿಗೆ ಏನು ಮಾಡಬೇಕೆಂಬುದು ಮೊದಲೇ ತಿಳಿದಿತ್ತು. ಇಂದಿನ ಸರ್ವರುಗಳ ಎಚ್ಚರಿಕೆಯ ವ್ಯವಸ್ಥೆಯಲ್ಲಿ ಇದಕ್ಕಿಂತ ಹೆಚ್ಚಿನ ತತ್ವವೇನೂ ನನಗೆ ಕಂಡಿಲ್ಲ.

ಮನುಷ್ಯನನ್ನು ಎಬ್ಬಿಸುವ ಬದಲು ಯಂತ್ರವೇ ಕೆಲಸ ಮುಗಿಸಲಿ ಎಂಬ ಯೋಚನೆಯೂ ಹಳೆಯದೇ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಕೆಯಾದವು. ನೀರು ಗೊತ್ತಾದ ಮಟ್ಟಕ್ಕೆ ಏರಿದರೆ ಅವು ತಾವಾಗಿ ತೆರೆದುಕೊಳ್ಳುತ್ತಿದ್ದವು, ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಸ್ಕ್ವಿಡ್ಡಿನ ಆ 90 ಮತ್ತು 95ರ ಗೆರೆಗಳು ಇದೇ ಜಾತಿಯವು.

ಅಂತರ್ಜಾಲದ ಕಾವಲಿನ ಕಥೆ ಇತ್ತೀಚಿನದು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮೊದಲಿನಿಂದ ಪಾಲುದಾರ. ಸಾರ್ವಜನಿಕರಿಗೆ ಅಂತರ್ಜಾಲ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಹೊರದೇಶದ ಸಂಪರ್ಕ ಆಗ ಬಲು ದುಬಾರಿ, ಬಲು ಕಿರಿದು. ತಂದದ್ದನ್ನು ಹಿಡಿದಿಟ್ಟು ಮತ್ತೆ ಬಳಸುವ ಕ್ಯಾಶ್ ಸರ್ವರ್ ಬರಗಾಲದ ಸೀಮೆಗೆ ಕೆರೆ ಇದ್ದಂತೆ ಅಂದಿನ ಕಾಲೇಜುಗಳಿಗೂ ಕಚೇರಿಗಳಿಗೂ ಒದಗಿತು. ಅಮೆರಿಕದ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯ ಕವಲಾಗಿ 1996ರಲ್ಲಿ ಸ್ಕ್ವಿಡ್ ಹೊರಬಂದಿತ್ತು, ಅದು ಉಚಿತವಾಗಿತ್ತು. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಹರಿಯುವ ನಮ್ಮ ಸರಣಿ ಕೆರೆಗಳಂತೆ ಒಂದು ಕ್ಯಾಶ್ ತನ್ನಲ್ಲಿಲ್ಲದ ಪುಟವನ್ನು ಮೇಲಿನ ಕ್ಯಾಶಿನಲ್ಲಿ ಕೇಳುವ ಏರ್ಪಾಡೂ ಅದರಲ್ಲಿತ್ತು.

ಜಾಲದ ಯಂತ್ರಗಳು ತಮ್ಮ ತೊಂದರೆಯನ್ನು ತಾವೇ ಹೇಳಿಕೊಳ್ಳಲು ಒಂದು ಸಾಮಾನ್ಯ ಭಾಷೆ 1988ರಲ್ಲಿ ಸಿದ್ಧವಾಯಿತು. ಎಸ್‌ಎನ್‌ಎಂಪಿ ಎಂಬುದು ಅದರ ಹೆಸರು. ಅದರಲ್ಲಿ ಎರಡು ದಾರಿಗಳಿವೆ. ಕಾವಲಿನ ಯಂತ್ರ ಆಗಾಗ್ಗೆ ಹೋಗಿ 'ಹೇಗಿದ್ದೀಯೆ' ಎಂದು ಕೇಳುವುದು ಒಂದು. ತೊಂದರೆಯಾದ ಯಂತ್ರ ತಾನಾಗಿ ಸುದ್ದಿ ಕಳುಹಿಸುವುದು ಇನ್ನೊಂದು. ಈ ಎರಡನೆಯದಕ್ಕೆ 'ಟ್ರ್ಯಾಪ್' ಎಂದು ಹೆಸರು. ಆದರೆ ಮೊದಲ ಆವೃತ್ತಿಯ ಟ್ರ್ಯಾಪಿಗೆ ಒಂದು ದೊಡ್ಡ ಕೊರತೆಯಿತ್ತು. ಅದು ತಲುಪಿತೋ ಇಲ್ಲವೋ ಎಂಬುದು ಕಳುಹಿಸಿದವನಿಗೆ ತಿಳಿಯುತ್ತಿರಲಿಲ್ಲ. ಓಲೆಕಾರನನ್ನು ಅಟ್ಟಿ, ಅವನು ಮರಳಿ ಬಂದನೇ ಎಂದು ನೋಡದಿದ್ದಂತೆ. 1993ರ ಎರಡನೆಯ ಆವೃತ್ತಿಯಲ್ಲಿ 'ಇನ್ಫಾರ್ಮ್' ಎಂಬ ಇನ್ನೊಂದು ಬಗೆ ಸೇರಿತು. ಅದಕ್ಕೆ 'ತಲುಪಿತು' ಎಂಬ ಮರುಮಾತು ಬರಲೇಬೇಕು, ಬಾರದಿದ್ದರೆ ಮತ್ತೆ ಕಳುಹಿಸಬೇಕು. ನನ್ನ ಒಂಬತ್ತು ಪತ್ರಗಳ ಕಥೆ ಕೇಳಿದವರಿಗೆ ಆ ಮರುಮಾತಿನ ಬೆಲೆ ತಿಳಿದೀತು.

ತೀವ್ರತೆಯನ್ನು ವಿಂಗಡಿಸುವ ಕೆಲಸವೂ ನಡೆಯಿತು. ಯುನಿಕ್ಸ್ ಗಣಕಗಳ 'ಸಿಸ್‌ಲಾಗ್' ಎಂಬ ದಾಖಲೆ ಪದ್ಧತಿಯಲ್ಲಿ 0ಯಿಂದ 7ರವರೆಗೆ ಎಂಟು ಮೆಟ್ಟಿಲುಗಳಿವೆ. 0 ಎಂದರೆ ಯಂತ್ರವೇ ಬಳಕೆಗೆ ಬಾರದ ಸ್ಥಿತಿ, 7 ಎಂದರೆ ತಂತ್ರಜ್ಞರ ಪರೀಕ್ಷೆಗಷ್ಟೇ ಬೇಕಾದ ವಿವರ. ದೂರಸಂಪರ್ಕದವರು 1992ರ ಎಕ್ಸ್.733 ಎಂಬ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಅತಿಗಂಭೀರ, ದೊಡ್ಡದು, ಚಿಕ್ಕದು, ಮುನ್ನೆಚ್ಚರಿಕೆ ಎಂದು ವಿಂಗಡಿಸಿದರು. 'ತೀರಿತು' ಎಂಬ ಸ್ಥಿತಿಯನ್ನೂ ಅದರಲ್ಲಿ ಸೇರಿಸಿದರು. ತೊಂದರೆ ತೀರಿದ ಸುದ್ದಿಯೂ ಬರಬೇಕು. ಇಲ್ಲವಾದರೆ ಜನ ಗುದ್ದಲಿ ಹಿಡಿದು ಏರಿಯ ಮೇಲೆಯೇ ನಿಂತಿರುತ್ತಾರೆ. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಂದು ಆಮೇಲೆ ನಾಗಿಯೋಸ್ ಆದ ಉಚಿತ ತಂತ್ರಾಂಶ ಇವೆಲ್ಲವನ್ನೂ ಸಣ್ಣ ಶಾಲೆ, ಕಚೇರಿಗಳ ಕೈಗೂ ಎಟುಕಿಸಿತು.

ಹೆಚ್ಚು ಗಂಟೆ ಕಟ್ಟಿದರೆ ಹೆಚ್ಚು ಕ್ಷೇಮ ಎಂದು ನಂಬಿದವರಿಗೆ ಚರಿತ್ರೆ ಕಠಿಣವಾದ ಉತ್ತರ ಕೊಟ್ಟಿದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತ ಆರಂಭವಾದ ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿದವು. ಯಾವುದು ಮುಖ್ಯವೆಂದು ಯಾರಿಗೂ ತಿಳಿಯಲಿಲ್ಲ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಸಿಬ್ಬಂದಿಯ ಮುಂದೆ 275 ಎಚ್ಚರಿಕೆಗಳು ಬಂದಿದ್ದವು. ನಿಮಿಷಕ್ಕೆ 25. ಓದಲಿಕ್ಕೂ ಸಮಯವಿಲ್ಲ, ತೀರ್ಮಾನಿಸುವುದು ದೂರದ ಮಾತು. ದಿನವಿಡೀ ತಮಟೆ ಬಡಿಯುವ ಊರಿನಲ್ಲಿ ಏರಿ ಒಡೆದ ದಿನವೂ ಜನ ಹಬ್ಬವೆಂದೇ ತಿಳಿದಾರು.

ಕ್ಯಾಶ್ ಸರ್ವರುಗಳದೇ ಎರಡು ಘಟನೆಗಳನ್ನು ಹೇಳುತ್ತೇನೆ. 2010ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಕಾಲ ಅನೇಕರಿಗೆ ಸಿಗದೇ ಹೋಯಿತು. ಕ್ಯಾಶಿನಲ್ಲಿ ತಪ್ಪು ಬೆಲೆ ಕಂಡರೆ ಮೂಲ ಸಂಗ್ರಹದಿಂದ ಸರಿಯಾದದ್ದನ್ನು ತಂದುಕೊಳ್ಳುವ ಸ್ವಯಂಚಾಲಿತ ಏರ್ಪಾಡು ಅಲ್ಲಿತ್ತು. ಒಮ್ಮೆ ಮೂಲದಲ್ಲಿಯೇ ತಪ್ಪು ಸೇರಿತು. ಎಲ್ಲ ಯಂತ್ರಗಳೂ ಒಟ್ಟಿಗೆ ಮೂಲಕ್ಕೆ ಮುಗಿಬಿದ್ದವು, ಮೂಲ ಕುಸಿಯಿತು, ಕುಸಿದದ್ದನ್ನೇ ಇನ್ನೊಂದು ತಪ್ಪೆಂದು ತಿಳಿದು ಮತ್ತೆ ಮುಗಿಬಿದ್ದವು. ಕೊನೆಗೆ ತಾಣಕ್ಕೆ ಬರುವ ಹರಿವನ್ನೇ ನಿಲ್ಲಿಸಿ ಸರಿಪಡಿಸಬೇಕಾಯಿತು. ತೊಂದರೆಯನ್ನು ಕಂಡುಹಿಡಿಯುವ ಏರ್ಪಾಡೇ ತೊಂದರೆಯನ್ನು ಬೆಳೆಸಿದ ನಿದರ್ಶನ ಇದು.

ಎರಡನೆಯದು 2021ರ ಜೂನ್ 8ರದು. ಜಗತ್ತಿನಾದ್ಯಂತ ಕ್ಯಾಶ್ ಸರ್ವರುಗಳನ್ನಿಟ್ಟಿರುವ ಫಾಸ್ಟ್ಲಿ ಎಂಬ ಸಂಸ್ಥೆಯ ತಂತ್ರಾಂಶದಲ್ಲಿ ಹಿಂದಿನ ತಿಂಗಳು ಸೇರಿಕೊಂಡಿದ್ದ ದೋಷವೊಂದು ಗ್ರಾಹಕರೊಬ್ಬರು ಮಾಡಿದ ಸಹಜ ಬದಲಾವಣೆಯಿಂದ ಎಚ್ಚೆತ್ತಿತು. ಅವರ ಜಾಲದ ಶೇಕಡಾ 85 ಭಾಗ ತಪ್ಪು ಉತ್ತರ ಕೊಡಲಾರಂಭಿಸಿ ದೊಡ್ಡ ಪತ್ರಿಕೆಗಳ ತಾಣಗಳೂ ಕಾಣದಾದವು. ಆದರೆ ಒಂದು ನಿಮಿಷದೊಳಗೆ ಅವರ ಕಾವಲು ಅದನ್ನು ಗುರುತಿಸಿತು. 49 ನಿಮಿಷಗಳಲ್ಲಿ ಜಾಲದ ಶೇಕಡಾ 95 ಭಾಗ ಮೊದಲಿನಂತಾಯಿತು. ದೋಷವೇ ಇಲ್ಲದ ತಂತ್ರಾಂಶ ಯಾರಿಗೂ ಸಾಧ್ಯವಿಲ್ಲ. ಒಂದು ನಿಮಿಷದಲ್ಲಿ ತಿಳಿಯುವಂತೆ ಮಾಡಿಕೊಳ್ಳುವುದು ಸಾಧ್ಯ. ನನಗೆ ತಿಳಿಯಲು ಒಂದು ದಿನವೇ ಬೇಕಾಗಿತ್ತು.

ಆ ಸೋಮವಾರದ ನಂತರ ನಾನೂ ಆ ಹುಡುಗನೂ ಸೇರಿ ನಮ್ಮ ಸರ್ವರಿಗೆ ಹೊಸ ಕಾವಲು ಏರ್ಪಡಿಸಿದೆವು. ಯಾರಿಗಾದರೂ ಉಪಯೋಗವಾದೀತೆಂದು ಅದರ ಕ್ರಮವನ್ನು ಹೇಳುತ್ತೇನೆ.

ಮೊದಲು, ಏನನ್ನು ನೋಡಬೇಕೆಂದು ಗೊತ್ತುಮಾಡಿದೆವು. ಸ್ಕ್ವಿಡ್ ಜೀವಂತವಾಗಿದೆಯೇ ಎಂದಷ್ಟೇ ಕೇಳಿದರೆ ಸಾಲದು. ಜೀವವಿದ್ದೂ ಕೆಲಸ ಮಾಡದ ನೌಕರರಿರುವಂತೆ ಸರ್ವರುಗಳೂ ಇರುತ್ತವೆ. ಆದ್ದರಿಂದ ಐದು ನಿಮಿಷಕ್ಕೊಮ್ಮೆ ಅದರ 3128ನೆಯ ದ್ವಾರದ ಮೂಲಕ ನಿಜವಾಗಿಯೂ ಒಂದು ಪುಟವನ್ನು ತರಿಸಿ ನೋಡುವಂತೆ ಮಾಡಿದೆವು. ಅದೇ ಹೊತ್ತಿನಲ್ಲಿ ತಂತಿಯನ್ನು ಬೇರೆಯಾಗಿ ಪರೀಕ್ಷಿಸುವಂತೆಯೂ ಮಾಡಿದೆವು, ಮತ್ತೆ ತಂತಿಯ ಮೇಲೆ ಸುಳ್ಳು ಅಪವಾದ ಬರಬಾರದೆಂದು. ತಂತಿಯೇ ಕಡಿದಿದ್ದರೆ ಪುಟ ಬರಲಿಲ್ಲವೆಂಬ ಎರಡನೆಯ ಕೂಗು ಬೇಡ. ಮೇಲಿನ ಕೆರೆ ಒಡೆದಾಗ ಕೆಳಗಿನ ಪ್ರತಿ ಕೆರೆಯಿಂದಲೂ ಬೇರೆ ಬೇರೆ ದೂರು ಬಂದರೆ ಮೂಲ ಮರೆಯಾಗುತ್ತದೆ. ಡಿಸ್ಕಿನ ಪ್ರತಿ ಭಾಗವನ್ನೂ, ಮುಖ್ಯವಾಗಿ ದಾಖಲೆಯ ಭಾಗವನ್ನು, ಪಟ್ಟಿಗೆ ಸೇರಿಸಿದೆವು. ದಾಖಲೆಗೆ ವಾರಕ್ಕೊಮ್ಮೆ ಕೋಡಿ ಬಿಟ್ಟೆವು.

ಎರಡನೆಯದು, ಮಿತಿಗಳು. ಶೇಕಡಾ 80ಕ್ಕೆ ಮುನ್ನೆಚ್ಚರಿಕೆ, 90ಕ್ಕೆ ಗಂಭೀರ. ಮಿತಿಯ ಅಂಚಿನಲ್ಲಿಯೇ ಅಳತೆ ಏರಿಳಿದರೆ ಗಂಟೆ ಹತ್ತು ಸಲ ಬಾರಿಸುತ್ತದೆ. ಅದಕ್ಕಾಗಿ 90ಕ್ಕೆ ಬಾರಿಸಿದ ಗಂಟೆ 85ಕ್ಕೆ ಇಳಿದ ಮೇಲೆಯೇ ನಿಲ್ಲಬೇಕೆಂದು ಗೊತ್ತುಮಾಡಿದೆವು. 1991ರ ಆರ್‌ಮಾನ್ ಎಂಬ ಮಾನಕದಲ್ಲಿ ಏರುವ ಮಿತಿ, ಇಳಿಯುವ ಮಿತಿ ಎಂದು ಎರಡನ್ನಿಟ್ಟದ್ದು ಇದೇ ಕಾರಣಕ್ಕೆ. ಒಂದೇ ಸಲ ಉತ್ತರ ಬರಲಿಲ್ಲವೆಂದು ಕೂಗುವುದೂ ಬೇಡ. ಮೂರು ಸಲ ಕೇಳಿ, ಮೂರೂ ಸಲ ಮೌನವಾದರೆ ಕೂಗಬೇಕು.

ಮೂರನೆಯದು, ಯಾರಿಗೆ ತಿಳಿಸಬೇಕು. ವ್ಯಕ್ತಿಯ ಹೆಸರಿಗೆ ಬದಲಾಗಿ ಹುದ್ದೆಯ ವಿಳಾಸ ಮಾಡಿದೆವು. ಯಾರು ವರ್ಗವಾದರೂ ಪೆಟ್ಟಿಗೆ ಅಲ್ಲಿಯೇ ಇರಬೇಕು. ಸಂದೇಶ ನನಗೂ ಇನ್ನೊಬ್ಬ ಶಿಕ್ಷಕರಿಗೂ ಬರಬೇಕು, ಒಂದು ಗಂಟೆಯೊಳಗೆ ಯಾರೂ 'ನೋಡಿದೆ' ಎನ್ನದಿದ್ದರೆ ಮುಖ್ಯೋಪಾಧ್ಯಾಯರಿಗೆ ಹೋಗಬೇಕು. ತಂತಿ ಕಡಿದಾಗ ಮಿಂಚಂಚೆಯೂ ಹೋಗಲಾರದಲ್ಲವೇ? ಅದಕ್ಕೆ ಯಂತ್ರದ ಪಕ್ಕದಲ್ಲಿಯೇ ಒಂದು ಕೆಂಪು ದೀಪ. ಪ್ರತಿ ಎಚ್ಚರಿಕೆಯ ಜೊತೆಗೂ ಮಾಡಬೇಕಾದ ಮೊದಲ ಕೆಲಸವನ್ನು ಕನ್ನಡದಲ್ಲಿ ಒಂದು ಸಾಲು ಬರೆದೆವು. ಮಾಡುವುದೇನೂ ಇಲ್ಲದ ಎಚ್ಚರಿಕೆಗಳನ್ನು ತೆಗೆದುಹಾಕಿದೆವು.

ನಾಲ್ಕನೆಯದು ನನಗೆ ಬಾಲ್ಯದ ನೆನಪಿನಿಂದ ಹೊಳೆದದ್ದು. ತಾಲ್ಲೂಕು ಖಜಾನೆಯ ಪಹರೆಯವನು ರಾತ್ರಿಯೆಲ್ಲ ಗಂಟೆಗೊಮ್ಮೆ ಜಾಗಟೆ ಹೊಡೆಯುತ್ತಿದ್ದ. ಅದು ಸಮಯ ತಿಳಿಸಲಿಕ್ಕೆಂದು ನಾವು ಹುಡುಗರು ತಿಳಿದಿದ್ದೆವು. 'ನಾನು ಎಚ್ಚರವಾಗಿದ್ದೇನೆ' ಎಂಬುದೂ ಅದರ ಅರ್ಥವೆಂದು ದೊಡ್ಡವರಾದ ಮೇಲೆ ತಿಳಿಯಿತು. ಜಾಗಟೆ ಕೇಳದಿದ್ದರೆ ಅದೇ ಎಚ್ಚರಿಕೆ. ಕೆಟ್ಟಾಗ ಮಾತ್ರ ಕೂಗುವ ಕಾವಲುಗಾರ ಸತ್ತುಹೋದರೆ ಆ ಮೌನವನ್ನು ನಾವು ಕ್ಷೇಮವೆಂದು ಓದುತ್ತೇವೆ. ನಾನು ಓದಿದ್ದೂ ಹಾಗೆಯೇ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ 'ಎಲ್ಲವೂ ಸರಿಯಿದೆ' ಎಂಬ ಒಂದು ಸಾಲು ಬರುವಂತೆ ಮಾಡಿದೆವು. ಅದು ಬಾರದ ದಿನ ಎದ್ದು ನೋಡಬೇಕು.

ಕೊನೆಯದು ಪರೀಕ್ಷೆ. ತಿಂಗಳಿಗೊಮ್ಮೆ ನಾವೇ ಸ್ಕ್ವಿಡ್ಡನ್ನು ನಿಲ್ಲಿಸಿ, ಕೂಗು ಬರುತ್ತದೆಯೇ ಎಂದು ನೋಡುತ್ತಿದ್ದೆವು. ಇದರ ಅಗತ್ಯವನ್ನು ನಮ್ಮ ತಾಲ್ಲೂಕೇ ಕಣ್ಣಮುಂದೆ ತೋರಿಸಿದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು. ಮತ್ತೆ 130 ಅಡಿ ಮುಟ್ಟಿ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಮೂರು ತಲೆಮಾರು ಕೋಡಿಯ ಸದ್ದನ್ನೇ ಕೇಳಿರಲಿಲ್ಲ. ನೋಡಲು ಜಾತ್ರೆಯೇ ನೆರೆಯಿತು, ನಾನೂ ಹೋಗಿದ್ದೆ. ನೂರು ವರ್ಷ ಮೀರಿದ ಆ ಕಲ್ಲಿನ ಕೋಡಿ ಎಂಬತ್ತೊಂಬತ್ತು ವರ್ಷ ಸುಮ್ಮನಿದ್ದು, ಬೇಕಾದ ದಿನ ತನ್ನ ಕೆಲಸವನ್ನು ಮಾಡಿತು. ಆದರೆ ಸರಪಳಿ, ತಂತಿ, ತಂತ್ರಾಂಶಗಳ ಮೇಲೆ ಅಷ್ಟು ಭರವಸೆ ಇಡುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ.

ಈಗ ಶಾಲೆಗಳಲ್ಲಿ ಅಂಥ ಕ್ಯಾಶ್ ಸರ್ವರುಗಳು ಅಪರೂಪ. ತಾಣಗಳೆಲ್ಲ ಗೂಢಲಿಪಿಯಲ್ಲಿ ಪುಟ ಕಳುಹಿಸತೊಡಗಿದ ಮೇಲೆ ನಡುವಿನವರು ಅವನ್ನು ಓದಿ ಹಿಡಿದಿಡುವಂತಿಲ್ಲ. ಗೂಗಲ್, ನೆಟ್‌ಫ್ಲಿಕ್ಸ್‌ನಂಥವರು ತಮ್ಮವೇ ಕ್ಯಾಶ್ ಯಂತ್ರಗಳನ್ನು ಸಂಪರ್ಕ ಕೊಡುವ ಕಂಪನಿಗಳ ಒಳಗೆ ಇಟ್ಟಿದ್ದಾರೆ. ಊರ ಕೆರೆ ಹೋಗಿ ದೊಡ್ಡ ಜಲಾಶಯ ಬಂದಂತೆ. ಕಾವಲು ಮಾತ್ರ ಎಲ್ಲಿಯೂ ತಪ್ಪಿಲ್ಲ.

ಆ ಹುಡುಗಿ ಮರುವರ್ಷ ಅರ್ಜಿ ಹಾಕಿ, ಪರೀಕ್ಷೆ ಬರೆದು, ಓದಿ, ಈಗ ಒಳ್ಳೆಯ ಕೆಲಸದಲ್ಲಿದ್ದಾಳೆ. ಯುಗಾದಿಗೆ ದೂರವಾಣಿ ಮಾಡುತ್ತಾಳೆ. ಆ ಸೋಮವಾರದ ಮಾತನ್ನು ಎಂದೂ ಎತ್ತುವುದಿಲ್ಲ. ಆಕೆಗೆ ನಾನು ಕಳೆದ ಆ ಒಂದು ವರ್ಷವನ್ನು ಹಿಂದಿರುಗಿಸಲಾರೆ. ಓದುಗ ಮಿತ್ರರಲ್ಲಿ ನನ್ನದು ಒಂದೇ ಬಿನ್ನಹ. ನಿಮ್ಮ ಕಚೇರಿಯಲ್ಲೋ ಶಾಲೆಯಲ್ಲೋ ಯಾವುದಾದರೊಂದು ಯಂತ್ರ ಬಹುಕಾಲದಿಂದ ಸದ್ದಿಲ್ಲದೆ ದುಡಿಯುತ್ತಿದ್ದರೆ, ಅದು ಕೂಗಿದರೆ ಯಾರಿಗೆ ಕೇಳಿಸುತ್ತದೆಂದು ನಾಳೆಯೇ ಒಮ್ಮೆ ವಿಚಾರಿಸಿ ನೋಡಿ.